ರಾಗಿಗೆ ಇಟ್ಟ ಹೊಸ್ತಿಲ ಊಟ

ನಮ್ಮೂರಿನಲ್ಲಿ ಹೊರಗಿನಿಂದ ಬಂದ ಜೀವ ಮೂರು ರಾತ್ರಿ ಇರುತ್ತದೆ. ನಾಲ್ಕನೆಯ ಬೆಳಿಗ್ಗೆ ಗಡಿಕಲ್ಲಿನ ಆಚೆ ಇರುತ್ತದೆ. ನೆಂಟರಾದರೆ ಹಾಸಿಗೆ ಸಮೇತ, ಕೋಳಿಯಾದರೆ ಬುಟ್ಟಿ ಸಮೇತ, ಬಿತ್ತಿದ ಬೀಜವಾದರೆ ಒಂದು ಗುಡ್ಡೆಯಾಗಿ. ಯಾರು ಹೊರುತ್ತಾರೆ, ಹೇಗೆ ಹೊರುತ್ತಾರೆ ಎಂದು ಕಾದು ನೋಡಿದವರು ಹಿಂದೆ ಇದ್ದರಂತೆ. ಈಗ ಯಾರಿಗೂ ಅಷ್ಟು ಪುರುಸೊತ್ತಿಲ್ಲ. ನಮ್ಮಲ್ಲಿಗೆ ಬಂದ ನೆಂಟರು ಮೂರನೆಯ ರಾತ್ರಿ ಒಂದು ಹೊದಿಕೆ ಹೆಚ್ಚಿಗೆ ಕೇಳಿ ಪಡೆದು, ಚಪ್ಪಲಿಯನ್ನು ದಿಂಬಿನ ಮಗ್ಗುಲಲ್ಲಿಟ್ಟುಕೊಂಡು ಮಲಗುತ್ತಾರೆ. ಗಡಿಕಲ್ಲಿನ ಆಚೆ ಒಬ್ಬ ಚಹಾದಂಗಡಿ ಇಟ್ಟಿದ್ದಾನೆ. ಅಲ್ಲಿ ಕಣ್ಣು ಬಿಟ್ಟವರು ಚಹಾ ಕುಡಿದು, ಬೇಕಾದರೆ ಮತ್ತೆ ಮೂರು ರಾತ್ರಿಗೆ ಒಳಗೆ ಬರಬಹುದು. ಬೇಡವಾದರೆ ಅತ್ತಿಂದತ್ತಲೇ ಬಸ್ಸು ಹತ್ತಬಹುದು. ಜೀವ ಇಲ್ಲದ್ದಕ್ಕೆ ಈ ತೊಂದರೆ ಇಲ್ಲ. ಅಕ್ಕಿ ನಿಲ್ಲುತ್ತದೆ, ಭತ್ತ ನಿಲ್ಲುವುದಿಲ್ಲ.

ನಿಲ್ಲಿಸಿಕೊಳ್ಳಬೇಕು ಅಂದರೆ ಹೊಸ್ತಿಲ ಊಟ ಹಾಕಬೇಕು. ನಮ್ಮೂರಿನ ರಾಗಿಯಲ್ಲಿ ಮಾಡಿದ ಮುದ್ದೆಯನ್ನೋ ಅಂಬಲಿಯನ್ನೋ ಮನೆಯ ಹೊಸ್ತಿಲ ಮೇಲಿಟ್ಟು, ‘ಉಂಡವರು ನಮ್ಮವರು’ ಅನ್ನಬೇಕು. ಉಂಡ ಜೀವ ಊರಿನದಾಗುತ್ತದೆ. ಅದರ ಮಕ್ಕಳು ಮರಿ ಎಲ್ಲ ಊರಿನವೇ. ಆದರೆ ಒಬ್ಬ ಮನುಷ್ಯ ಇದನ್ನು ಹಾಕಬಹುದಾದದ್ದು ಬಾಳಿಗೆ ಒಂದೇ ಸಲ. ಸಾಮಾನ್ಯವಾಗಿ ಅತ್ತೆಯರು ಸೊಸೆಗೆ ಹಾಕುತ್ತಾರೆ. ನನ್ನ ಗಂಡ ಒಂದು ಎಮ್ಮೆಗೆ ಹಾಕಿದ. ಊರೆಲ್ಲ ನಕ್ಕಿತು, ಎಮ್ಮೆ ಹನ್ನೊಂದು ವರ್ಷ ಹಾಲು ಕೊಟ್ಟಿತು. ಒಬ್ಬ ಮೇಷ್ಟರು ಗಿಳಿಗೆ ಹಾಕಿದ್ದರು, ಅದು ಮಾರನೆಯ ದಿನವೇ ಹಾರಿಹೋಗಿ ಊರಿನ ಯಾವುದೋ ಮರದಲ್ಲಿ ಇವತ್ತಿಗೂ ಇದೆ. ನಮ್ಮಲ್ಲಿ ಮಕ್ಕಳು ಹೊಸ್ತಿಲ ಮೇಲೆ ಕೂತು ತಿಂದರೆ ಬೆನ್ನಿಗೆ ಏಟು ಬೀಳುತ್ತದೆ, ಎಲ್ಲಿ ಬೀದಿನಾಯಿಗೆ ಒಂದು ತುತ್ತು ಎಸೆದು ತಮ್ಮ ಪಾಲಿನದನ್ನು ಕಳೆದುಕೊಂಡುಬಿಡುತ್ತವೋ ಎಂದು.

ನನ್ನ ಹೆಸರು ಹೊನ್ನೂರಮ್ಮ. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೇನೆ. ಹದಿನೆಂಟು ವರ್ಷ ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತೊಳೆದವಳು. ನನಗೆ ಕೋಪ ಜಾಸ್ತಿ ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅದು ಸುಳ್ಳೇನಲ್ಲ. ಮಗನಿಗೆ ಊರಿನ ಹುಡುಗಿಯೇ ಸಿಕ್ಕಿದ್ದರಿಂದ ನನಗೆ ನಲವತ್ತೆಂಟು ವರ್ಷವಾದರೂ ನನ್ನ ಹೊಸ್ತಿಲ ಊಟ ನನ್ನ ಹತ್ತಿರವೇ ಉಳಿದಿತ್ತು. ಆ ವರ್ಷ ರಾಗಿಗೆ ಬೆಂಕಿ ರೋಗ ಬಂತು.

ಎಲೆಯ ಮೇಲೆ ನೂಲುವ ಕದಿರಿನ ಆಕಾರದ ಬೂದು ಮಚ್ಚೆ, ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗುವುದು, ಆಮೇಲೆ ಬರೀ ಜೊಳ್ಳು. ಮೊದಲ ವರ್ಷ ಹೊಳೆಯ ಪಕ್ಕದ ಹೊಲಗಳು ಹೋದವು. ಎರಡನೆಯ ವರ್ಷ ದಿಬ್ಬದ ಮೇಲಿನವು. ಮೂರನೆಯ ವರ್ಷ ಮುಗಿಯುವಷ್ಟರಲ್ಲಿ ಇಡೀ ಊರಿನಲ್ಲಿ ರೋಗ ತಾಗದ ಬೀಜ ಅಂತ ಉಳಿದದ್ದು ಒಂದೇ ಸೇರು. ಹೊಟ್ಟೆಗೆ ಅಕ್ಕಿ ತರಬಹುದಿತ್ತು, ತಂದೆವು ಕೂಡ. ಆದರೆ ಬೇರೆ ಊರಿನ ರಾಗಿ ಬಿತ್ತಿದರೆ ನಾಲ್ಕನೆಯ ಬೆಳಿಗ್ಗೆ ಗಡಿಕಲ್ಲಿನ ಹತ್ತಿರ ಗುಡ್ಡೆ ಬಿದ್ದಿರುತ್ತಿತ್ತು. ಒಬ್ಬರ ಹೊಸ್ತಿಲ ಊಟ ಅದಕ್ಕೇ ಹಾಕೋಣ ಎಂದರೆ ಅದಕ್ಕೂ ಅದೇ ರೋಗ, ಪಕ್ಕದ ಊರುಗಳಲ್ಲೆಲ್ಲ ನೋಡಿ ಬಂದಿದ್ದೆವು. ನಮ್ಮ ರಾಗಿ ಹೋದರೆ ಹೊಸ್ತಿಲ ಮೇಲಿಡಲು ಮುದ್ದೆಯೇ ಇಲ್ಲ. ಹೊರಗಿನ ಹುಡುಗಿ ಈ ಊರಿಗೆ ಸೊಸೆಯಾಗಿ ಬರುವುದು ಅಲ್ಲಿಗೆ ನಿಂತಿತು. ಹೊರಗಿನ ಎತ್ತು, ಹೊರಗಿನ ಸಸಿ, ಹೊರಗಿನ ಸೂಲಗಿತ್ತಿ, ಎಲ್ಲ ನಿಂತಿತು. ಚಾವಡಿಯಲ್ಲಿ ಹಿರಿಯರು ಇದನ್ನು ಒಂದೊಂದಾಗಿ ಹೇಳುವಾಗ ನಾನು ಎದ್ದು, ಎಣಿಸುತ್ತ ಕೂತರೆ ರೋಗ ಹೋಗುತ್ತಾ ಅಂತ ಕೇಳಿದೆ. ಕೂರಿಸಿದರು.

ಆಮೇಲೆ ದೊಡ್ಡ ಕಾಲೇಜೊಂದಕ್ಕೆ ಕಾಗದ ಹೋಯಿತು. ಅಲ್ಲಿಂದ ಮೂವರು ಬಂದರು, ಮೂವರೂ ನಾಲ್ಕನೆಯ ಬೆಳಿಗ್ಗೆ ಗಡಿಕಲ್ಲಿನ ಹತ್ತಿರ ಎದ್ದು ಬಸ್ಸು ಹತ್ತಿದರು. ನಾಲ್ಕನೆಯವಳು ಮೆಹರೂನ್ ಡಾಕ್ಟರಮ್ಮ. ನಲವತ್ತರ ಹೆಂಗಸು, ತೆಳ್ಳಗೆ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದಳು. ಅವಳೂ ಗಡಿಕಲ್ಲಿನ ಹತ್ತಿರ ಎದ್ದಳು. ಎದ್ದು, ಚಹಾ ಕುಡಿದು, ಹಾಸಿಗೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಎರಡು ಮೈಲಿ ನಡೆದು ವಾಪಸು ಬಂದಳು. ಅವಳಿಗೇ ಹೊಸ್ತಿಲ ಊಟ ಹಾಕಿಬಿಡೋಣ ಎಂದು ಹಿರಿಯರು ಹೇಳಿದಾಗ ಬೇಡ ಅಂದಳು. ‘ನನಗೆ ಕಾಲಿದೆ, ನಡೆದು ಬರುತ್ತೇನೆ. ನಾನು ತರೋದಕ್ಕೆ ಕಾಲಿಲ್ಲ, ಅದಕ್ಕೆ ಇಟ್ಟುಕೊಳ್ಳಿ’ ಅಂದಳು.

ಅವಳು ತಂದಿದ್ದು ಒಂದು ವಂಶವಾಹಿ. ದೂರದ ಯಾವುದೋ ಜವುಗಿನಲ್ಲಿ ಬೆಳೆಯುವ ಕಾಡುಭತ್ತಕ್ಕೆ ಬೆಂಕಿ ರೋಗ ತಾಗುವುದೇ ಇಲ್ಲವಂತೆ. ತಾಗದ ಹಾಗೆ ಮಾಡುವ ಗುಣ ಅದರೊಳಗೆ ಒಂದು ಸಣ್ಣ ತುಣುಕಿನಲ್ಲಿದೆಯಂತೆ. ಭತ್ತದ ಪರಾಗ ರಾಗಿಯ ಹೂವಿಗೆ ಒದಗುವುದಿಲ್ಲ, ಜಾತಿ ಬೇರೆ. ಆದ್ದರಿಂದ ಆ ತುಣುಕೊಂದನ್ನೇ ತೆಗೆದು ನಮ್ಮ ರಾಗಿಯೊಳಗೆ ಇಡಬೇಕು ಎಂದು ಅವಳು ಹೇಳಿದಳು. ಊರಿನವರು ವಂಶವಾಹಿ ಅನ್ನುವ ಬದಲು ಗುಣ ಅಂತಲೇ ಕರೆದರು. ಗುಣಕ್ಕೆ ಜೀವ ಇದೆಯೋ ಇಲ್ಲವೋ ಎಂದು ಚಾವಡಿಯಲ್ಲಿ ಎರಡು ದಿನ ವಾದ ನಡೆಯಿತು. ಮೊದಲನೆಯ ಸಲ ಡಾಕ್ಟರಮ್ಮ ಸುಮ್ಮನೆ ಪರೀಕ್ಷೆಗೆಂದು ಇಟ್ಟಾಗ ನಾಲ್ಕನೆಯ ಬೆಳಿಗ್ಗೆ ಅದು ರಾಗಿಯೊಳಗೆ ಇರಲಿಲ್ಲ. ಅಲ್ಲಿಗೆ ವಾದ ಮುಗಿಯಿತು. ಗಡಿಕಲ್ಲಿನ ಹತ್ತಿರ ಹೋಗಿ ಹುಡುಕಿದವರೂ ಇದ್ದರು. ಕಣ್ಣಿಗೆ ಕಾಣುವಂಥದ್ದಲ್ಲ, ಏನು ಸಿಗುತ್ತದೆ.

ಮುಚ್ಚಿಹೋಗಿದ್ದ ಸೋಡಾ ಕಾರ್ಖಾನೆಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಬಾಟಲಿ ತೊಳೆಯಲು ನಾನು ಹೋದೆ. ಎರಡು ವಾರದಲ್ಲಿ ಅವಳು ನನ್ನ ಕೈ ನೋಡಿ, ಬಾಟಲಿ ಬೇರೆಯವರು ತೊಳೆಯಲಿ ಎಂದು ಚಿಮಟ ಕೊಟ್ಟಳು. ರಾಗಿಕಾಳಿನ ಸಿಪ್ಪೆ ತೆಗೆದು, ಔಷಧಿಯಲ್ಲಿ ತೊಳೆದು, ಬಾಟಲಿಯಲ್ಲಿ ಬಡಿಸಿದ ಗಂಜಿಯಂಥ ಪಾಕದ ಮೇಲೆ ಒಂದೊಂದಾಗಿ ಕೂರಿಸಬೇಕು. ಪಾಕದ ಮೇಲೆ ಕೂತ ಕಾಳು ಮೊಳಕೆ ಒಡೆಯುವುದನ್ನು ಮರೆತು ಬೆಣ್ಣೆ ಬಣ್ಣದ ಗಂಟಾಗುತ್ತದೆ, ನೆನೆಸಿಟ್ಟ ರವೆಯ ಹಾಗೆ. ಆ ಗಂಟಿನೊಳಗೆ ಗುಣವನ್ನು ಸೇರಿಸಿದರೆ, ಆಮೇಲೆ ಪಾಕ ಬದಲಾಯಿಸಿ ಅದೇ ಗಂಟಿನಿಂದ ಸಸಿ ಎಬ್ಬಿಸಬಹುದು. ಕಾಳು ನೋಡಿದ್ದೆ, ಸಸಿ ನೋಡಿದ್ದೆ. ನಡುವೆ ಇಂಥದ್ದೊಂದು ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ಗಂಟು ಬೆಳೆದ ದಿನ ನಾನು ಮನೆಗೆ ಹೋಗಿ ಸೊಸೆಯ ಮೇಲೆ ರೇಗಲಿಲ್ಲವಂತೆ, ಅವಳೇ ಎಲ್ಲರಿಗೂ ಹೇಳಿಕೊಂಡು ಬಂದಳು.

ಗುಣವನ್ನು ಒಳಗೆ ಹೊತ್ತುಕೊಂಡು ಹೋಗಲು ಡಾಕ್ಟರಮ್ಮ ಮೊದಲು ಆರಿಸಿಕೊಂಡದ್ದು ಮಣ್ಣಿನ ಒಂದು ಸೂಕ್ಷ್ಮಜೀವಿಯನ್ನು. ಗಿಡಕ್ಕೆ ಗಾಯವಾದಾಗ ಒಸರುವ ರಸದ ವಾಸನೆ ಹಿಡಿದು ಅದು ಬರುತ್ತದಂತೆ. ಬಂದು ತನ್ನೊಳಗಿನ ಒಂದು ತುಣುಕನ್ನು ಗಿಡದೊಳಗೆ ತುರುಕಿ ಹೋಗುತ್ತದಂತೆ. ಅದರ ಸ್ವಂತ ತುಣುಕು ತೆಗೆದು ನಮ್ಮ ಗುಣವನ್ನು ಅದಕ್ಕೆ ಹೊರಿಸಿದ್ದಳು. ಆದರೆ ರಾಗಿ, ಭತ್ತ, ಜೋಳ ಎಲ್ಲ ಹುಲ್ಲಿನ ಜಾತಿ. ಕುಯ್ದರೂ ಅವು ಆ ರಸ ಸುರಿಸುವುದಿಲ್ಲ, ಹಾಗಾಗಿ ಈ ಜೀವಿ ಅತ್ತ ತಿರುಗಿಯೂ ನೋಡುವುದಿಲ್ಲ. ಆ ರಸವನ್ನು ಬೇರೆ ಕಡೆಯಿಂದ ತಂದು ಗಂಟಿನ ಮೇಲೆ ತೊಟ್ಟಿಕ್ಕಿಸಿ ಇದನ್ನು ಕರೆಯಬೇಕಾಯಿತು. ಇಷ್ಟು ಬಿಗುಮಾನ ಏತಕ್ಕೆ ಈ ಹುಲ್ಲಿಗೆ ಎಂದು ನಾನು ಅಂದೆ. ಡಾಕ್ಟರಮ್ಮ ನನ್ನ ಮುಖ ನೋಡಿ ನಕ್ಕಳು.

ಲೆಕ್ಕ ಹೀಗಿತ್ತು. ಮೊದಲ ದಿನ ಸೂಕ್ಷ್ಮಜೀವಿಯನ್ನು ಗಂಟಿನ ಜೊತೆ ಬಿಡುವುದು. ಎರಡು ರಾತ್ರಿ ಜೊತೆಗಿರಲಿ. ಮೂರನೆಯ ದಿನ ಔಷಧಿಯಲ್ಲಿ ತೊಳೆದು ಅದನ್ನು ಪೂರ್ತಿ ತೆಗೆಯುವುದು. ಆಮೇಲೆ ನಾನು ನನ್ನ ಹೊಸ್ತಿಲ ಊಟ ಹಾಕುವುದು. ನನ್ನದನ್ನು ಕೊಡುತ್ತೇನೆ ಎಂದು ಚಾವಡಿಯಲ್ಲಿ ನಾನೇ ಹೇಳಿದ್ದೆ, ಸ್ವಲ್ಪ ಜಂಬದಿಂದಲೇ. ಮೂರನೆಯ ದಿನವೇ ಡಾಕ್ಟರಮ್ಮನಿಗೂ ನಾಲ್ಕನೆಯ ಬೆಳಿಗ್ಗೆ ಬಿದ್ದಿತ್ತು. ಗಡಿಕಲ್ಲಿನಿಂದ ಎಂಟು ಗಂಟೆಗೆಲ್ಲ ಬರುವವಳು ಹತ್ತಾದರೂ ಬರಲಿಲ್ಲ. ಹನ್ನೆರಡಾಯಿತು. ತೊಳೆಯುವ ಔಷಧಿ ಅವಳ ಚೀಲದಲ್ಲಿತ್ತು. ಬೆಳಗಾದರೆ ಗುಣ ಹೋಗುತ್ತದೆ, ಬಾಟಲಿಗಳಲ್ಲಿ ಅರ್ಧ ಸೇರು ಬೀಜ ಇದೆ, ಇವಳು ಎಲ್ಲಿ ಕೂತು ಚಹಾ ಕುಡಿಯುತ್ತಿದ್ದಾಳೋ ಎಂದು ನನಗೆ ಮೈಯೆಲ್ಲ ಉರಿಯಿತು. ಕಾಯಲಿಲ್ಲ. ಬಾಟಲಿಗಳನ್ನೆಲ್ಲ ಬುಟ್ಟಿಯಲ್ಲಿ ಮನೆಗೆ ತಂದು ಹೊಸ್ತಿಲ ಮೇಲೆ ಸಾಲಾಗಿ ಇಟ್ಟೆ. ಕುದಿಸಿ ಆರಿಸಿದ ಅಂಬಲಿಯ ತಿಳಿಯನ್ನು ಒಂದೊಂದು ಚಮಚ ಬಿಟ್ಟು, ಉಂಡವರು ನಮ್ಮವರು ಅಂದುಬಿಟ್ಟೆ.

ಒಂದು ಗಂಟೆ ಬಿಟ್ಟು ಡಾಕ್ಟರಮ್ಮ ಬಂದಳು, ಕಾಲು ಉಳುಕಿಸಿಕೊಂಡು, ಕೋಲೂರಿಕೊಂಡು. ಹೊಸ್ತಿಲ ಮೇಲಿನ ಬಾಟಲಿಗಳನ್ನು ನೋಡಿ ಅಲ್ಲೇ ಕೂತುಬಿಟ್ಟಳು.

ಯಾರಿಗೆ ಹಸಿವಿತ್ತೋ ಅವರು ಉಂಡಿದ್ದರು. ಮಾರನೆಯ ಬೆಳಿಗ್ಗೆ ಗುಣ ಹೋಗಿತ್ತು, ಸೂಕ್ಷ್ಮಜೀವಿ ಇತ್ತು. ಬರೀ ಇದ್ದದ್ದಲ್ಲ, ಗಂಟುಗಳ ಮೇಲೆಲ್ಲ ಲೋಳೆಯಾಗಿ ಹರಡಿಕೊಂಡಿತ್ತು. ಯಾವ ಔಷಧಿಗೂ ಜಗ್ಗಲಿಲ್ಲ, ಊರಿನವನಾದ ಮೇಲೆ ಯಾಕೆ ಜಗ್ಗುತ್ತಾನೆ. ಮದುಮಗಳನ್ನು ಕರೆತಂದ ಗಾಡಿಯವನಿಗೆ ಆರತಿ ಎತ್ತಿ ಒಳಗೆ ಕರೆದು, ಮದುಮಗಳನ್ನು ಬೀದಿಯಲ್ಲಿ ಬಿಟ್ಟ ಹಾಗಾಗಿತ್ತು ನನ್ನ ಕೆಲಸ. ಅರ್ಧ ಸೇರು ಬೀಜ ಹೋಯಿತು. ಒಂದು ವಾರದಲ್ಲಿ ಅದು ಊರಿನ ನೀರಿನ ಹಂಡೆಗಳಿಗೂ ಬಂತು. ಯಾರಿಗೂ ಕಾಯಿಲೆ ತರಲಿಲ್ಲ, ಆದರೆ ಹಂಡೆಯ ಒಳಮೈ ಜಾರುತ್ತಿತ್ತು. ದಿನಾ ಹುಣಸೆಹಣ್ಣು ಬೂದಿ ಹಾಕಿ ಎರಡೆರಡು ಸಲ ಉಜ್ಜಬೇಕಾಯಿತು. ಹೆಂಗಸರು ಉಜ್ಜುತ್ತ, ಹೊನ್ನೂರಮ್ಮನ ನೆಂಟ ಇವತ್ತೂ ಬಂದಿದ್ದಾನೆ ನೋಡ್ರೇ ಅನ್ನುತ್ತಿದ್ದರು, ನಾನು ಹಾದುಹೋಗುವಾಗ ಇನ್ನೂ ಸ್ವಲ್ಪ ಗಟ್ಟಿಯಾಗಿ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ತಿರುಗಿ ಬೈದು ಹಗುರಾಗುತ್ತಿದ್ದೆ. ಉಳಿದ ಅರ್ಧ ಸೇರು ತೋರಿಸಿ, ಇದು ಕೊನೆಯದು ಅಂದಳು. ಆ ಸೂಕ್ಷ್ಮಜೀವಿ ಕಾರ್ಖಾನೆಯ ಗೋಡೆಗೇ ಅಂಟಿರುವಾಗ ಅದೇ ದಾರಿ ಇನ್ನು ಹಿಡಿಯುವಂತಿಲ್ಲ ಎಂದು, ಪಕ್ಕದ ಸಣ್ಣ ಕೋಣೆಯನ್ನು ಸುಣ್ಣ ಬಳಿಸಿ, ಬಾಗಿಲ ಸಂದೆಲ್ಲ ಮುಚ್ಚಿಸಿ, ಅಲ್ಲಿ ಬೇರೆ ಯಂತ್ರ ತಂದಿಟ್ಟಳು. ಅದಕ್ಕೆ ನಾವು ಬಂದೂಕು ಅಂತ ಹೆಸರಿಟ್ಟೆವು. ನೋಡಲು ಸಣ್ಣ ಬೀರುವಿನ ಹಾಗಿತ್ತು. ಚಿನ್ನದ ಪುಡಿ, ಎಷ್ಟು ಸಣ್ಣದು ಅಂದರೆ ನೀರಿನಲ್ಲಿ ಕದಡಿದರೆ ಕಂದು ಮೋಡದ ಹಾಗೆ ಕಾಣುವುದು. ಆ ಕಣಗಳ ಮೈಗೆ ಗುಣವನ್ನು ಬಳಿದು, ಬೀರುವಿನೊಳಗಿನ ಗಾಳಿ ತೆಗೆದು, ಸಿಲಿಂಡರಿನ ಅನಿಲದ ಒತ್ತಡ ಕೊಟ್ಟರೆ ಟಪ್ ಅಂತ ಒಂದು ಶಬ್ದ. ಚಿನ್ನ ಹೋಗಿ ಗಂಟುಗಳಿಗೆ ತೂರಿಕೊಳ್ಳುತ್ತದೆ. ಹುಲ್ಲು ಬಾಗಿಲು ತೆಗೆಯದಿದ್ದರೆ ಗೋಡೆ ಒಡೆದೇ ಹೋಗುವುದು. ನನಗೆ ಆ ದಾರಿ ಹಿಡಿಸಿತು. ಚಿನ್ನಕ್ಕೆ ಜೀವ ಇಲ್ಲ, ಅದು ಯಾರ ಊಟವನ್ನೂ ಕದಿಯುವುದಿಲ್ಲ.

ಈಗ ಬೇಕಿದ್ದದ್ದು ಮತ್ತೊಬ್ಬರ ಹೊಸ್ತಿಲ ಊಟ. ಚಾವಡಿಯಲ್ಲಿ ಕೇಳಿದರು. ಮುಕ್ಕಾಲುಪಾಲು ಜನರದ್ದು ಆಗಲೇ ಖರ್ಚಾಗಿತ್ತು. ಇದ್ದವರು ಮಗನ ಮದುವೆ ಇದೆ, ಮಗಳು ಹೊರಗಿನವನನ್ನು ಇಷ್ಟಪಟ್ಟಿದ್ದಾಳೆ ಎಂದು ತಲೆ ತಗ್ಗಿಸಿದರು. ಹೊನ್ನೂರಮ್ಮ ಆ ಕೋಣೆಯಲ್ಲಿ ಇರುವವರೆಗೆ ತಾನಂತೂ ಕೊಡುವುದಿಲ್ಲ ಎಂದು ಒಬ್ಬ ನೇರವಾಗಿಯೇ ಹೇಳಿದ. ನಾನು ಮನೆ ಮನೆಗೆ ಹೋದೆ. ಬದುಕಿನಲ್ಲಿ ಮೊದಲ ಸಲ ಇನ್ನೊಬ್ಬರ ಬಾಗಿಲಲ್ಲಿ ಮೆತ್ತಗೆ ಮಾತಾಡಿದೆ. ಜನ ನಾನು ಯಾವ ವರ್ಷ ಯಾವ ಬಾವಿಯ ಹತ್ತಿರ ಏನು ಅಂದಿದ್ದೆ ಅನ್ನುವುದನ್ನೆಲ್ಲ ಹೇಳಿದರು. ಇಷ್ಟು ಜ್ಞಾಪಕ ಇಟ್ಟುಕೊಂಡಿದ್ದಾರಲ್ಲ ಎಂದು ಅನ್ನಿಸಿತು. ಒಂದು ಮನೆಗೆ ಮಾತ್ರ ಹೋಗಲಿಲ್ಲ. ಅದು ಸಾವಂತ್ರಮ್ಮನದು.

ಸಾವಂತ್ರಮ್ಮ ನನ್ನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಹೊರಗಿನಿಂದ ಬಂದವಳು, ನಮ್ಮತ್ತೆ ಹೊಸ್ತಿಲ ಊಟ ಹಾಕಿ ಒಳಗೆ ಮಾಡಿಕೊಂಡಿದ್ದರು. ಮಕ್ಕಳಿಲ್ಲ, ಗಂಡನೂ ಹೋದ. ಅವಳಿಗೆ ಇದ್ದದ್ದು ಒಬ್ಬ ತಮ್ಮ, ತಿಪ್ಪೇಶ. ಗಡಿಯಾಚೆ ಹಗ್ಗ ಹೊಸೆದು ಮಾರುತ್ತಿದ್ದ. ಮೂರು ದಿನ ಅಕ್ಕನ ಮನೆಯಲ್ಲಿರುತ್ತಿದ್ದ, ನಾಲ್ಕನೆಯ ಬೆಳಿಗ್ಗೆ ಗಡಿಕಲ್ಲಿನ ಹತ್ತಿರ ಎದ್ದು ಚಾಪೆ ಸುತ್ತಿಕೊಂಡು ಮತ್ತೆ ನಡೆದು ಬರುತ್ತಿದ್ದ. ಅವನ ಮಂಡಿ ವರ್ಷ ವರ್ಷಕ್ಕೆ ಕೆಡುತ್ತಿತ್ತು. ನಡೆಯುವವರೆಗೆ ನಡೆಯುತ್ತೇನೆ, ಆಗದ ದಿನ ಹೊಸ್ತಿಲ ಊಟ ಹಾಕುವೆಯಂತೆ ಎಂದು ಅಕ್ಕನಿಗೆ ಅವನೇ ಹೇಳಿಟ್ಟಿದ್ದ. ಅವಳು ತನ್ನದನ್ನು ಕಾಪಾಡಿಕೊಂಡು ಬಂದದ್ದು ಅದಕ್ಕೆ. ಇದು ಊರಿಗೆಲ್ಲ ಗೊತ್ತಿತ್ತು, ಅದಕ್ಕೇ ಚಾವಡಿಯಲ್ಲಿ ಯಾರೂ ಅವಳ ಕಡೆ ತಿರುಗಿರಲಿಲ್ಲ.

ನಾನು ಹೋಗದಿದ್ದದ್ದಕ್ಕೆ ಬೇರೆ ಕಾರಣವೂ ಇತ್ತು. ಏಳು ವರ್ಷದ ಹಿಂದೆ ನಮ್ಮತ್ತೆಯ ತಿಥಿಯ ದಿನ, ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ, ಎರಡನೆಯ ಸಲ ಸಾರು ಕೇಳಿದ ತಿಪ್ಪೇಶನಿಗೆ ನಾನು ಒಂದು ಮಾತು ಅಂದಿದ್ದೆ. ನಾಲ್ಕು ದಿನಕ್ಕೊಮ್ಮೆ ಗಡಿ ದಾಟಿ ಬಂದು ಎಲೆ ಮುಂದೆ ಕೂರ್ತೀಯಲ್ಲ, ಇದೇನು ಛತ್ರ ಅಂದುಕೊಂಡಿದ್ದೀಯಾ ಅಂತ. ಯಾವುದೋ ಬೇರೆ ಕೋಪ, ಅವನ ಮೇಲೆ ಹೋಯಿತು. ಅವನು ಅರ್ಧ ಉಂಡ ಎಲೆ ಮಡಿಸಿ ಎದ್ದು ಹೋದ. ಸಾವಂತ್ರಮ್ಮ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಅವಳು ಕಾರ್ಖಾನೆಯ ಬಾಗಿಲಲ್ಲಿ ಬಂದು ನಿಂತಾಗ ನಾನು ಚಿಮಟ ಕುದಿಯುವ ನೀರಿಗೆ ಹಾಕುತ್ತಿದ್ದೆ. ನನ್ನ ಕಡೆ ನೋಡಲಿಲ್ಲ. ನೇರ ಡಾಕ್ಟರಮ್ಮನ ಹತ್ತಿರ ಹೋದಳು.

‘ಈ ಗುಣ ತಾನೇ ಉಣ್ಣುತ್ತದಾ, ಡಾಕ್ಟರಮ್ಮ?’

‘ಇಲ್ಲಮ್ಮ. ಅದಕ್ಕೆ ಬಾಯಿಲ್ಲ. ಅದೇ ನನಗೂ ಯೋಚನೆ.’

‘ಎಳೆಗೂಸಿಗೂ ಮುದ್ದೆ ಉಣ್ಣಲಿಕ್ಕಾಗಲ್ಲ. ಹೊರಗಿಂದ ಬಂದ ಕೂಸನ್ನು ಊರಿನದು ಮಾಡಬೇಕಾದರೆ ನಮ್ಮಲ್ಲಿ ಮೊಲೆಯೂಡಿಸೋ ತಾಯಿಗೆ ಬಡಿಸುತ್ತಾರೆ. ಅವಳು ಉಂಡರೆ ಅದು ಉಂಡಂಗೆ. ರಾಗಿ ಉಣ್ಣಲಿ. ಅದರ ಮಡಿಲಲ್ಲಿ ಇರೋದು ನಮ್ಮದಾಗ್ತದೆ.’

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಇಷ್ಟು ತಿಂಗಳಿನಿಂದ ಅವಳಿಗಾಗಲಿ ನನಗಾಗಲಿ ಇದು ಹೊಳೆದಿರಲಿಲ್ಲ. ಯಾರದ್ದು ಊಟ ಎಂದು ಕೇಳಿದಳು. ತನ್ನದೇ ಅಂದಳು ಸಾವಂತ್ರಮ್ಮ. ನನಗೆ ತಡೆಯಲಾಗಲಿಲ್ಲ.

‘ಸಾವಂತ್ರಿ, ತಿಪ್ಪೇಶನ ಗತಿ?’

ಏಳು ವರ್ಷದ ಮೇಲೆ ಅವಳು ನನ್ನ ಮುಖ ನೋಡಿದಳು. ‘ಅವನಿಗೆ ಇನ್ನೂ ಕಾಲಿದೆ, ಅಕ್ಕ. ಇದಕ್ಕಿಲ್ಲ. ಅವನನ್ನ ಕೇಳಿಯೇ ಬಂದಿದ್ದೀನಿ.’

ಈ ಸಲ ಡಾಕ್ಟರಮ್ಮ ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ನಾನು ಮುಂದೆ ಇಡಲಿಲ್ಲ. ಡಾಕ್ಟರಮ್ಮ ಹಿಂದಿನ ಸಂಜೆಯೇ ತಾನಾಗಿ ಗಡಿಯಾಚೆ ಹೋಗಿ, ಚಹಾದಂಗಡಿಯಲ್ಲಿ ಮಲಗಿ, ಬೆಳಿಗ್ಗೆ ಹೊಸದಾಗಿ ಒಳಗೆ ಬಂದಳು, ಮೂರು ರಾತ್ರಿ ಪೂರ್ತಿ ಕೈಗೆ ಸಿಗಲಿ ಎಂದು. ಬಂದೂಕು ಹಾರಿಸುವುದನ್ನು ಮಾತ್ರ ಒಂದು ದಿನವೂ ತಡ ಮಾಡಬೇಡಿ, ಕೆಲಸ ಎಲ್ಲ ಆ ಬೆಳಿಗ್ಗೆಯೇ ಸಿದ್ಧವಾಗಿರಲಿ ಅಂದಿದ್ದಳು, ಸಿದ್ಧ ಇತ್ತು. ಅರ್ಧ ಸೇರಿನಿಂದ ಬೆಳೆಸಿದ ಗಂಟುಗಳನ್ನು ನಲವತ್ತು ತಟ್ಟೆಗಳಲ್ಲಿ ಹರಡಿದೆವು. ನಲವತ್ತು ಸಲ ಟಪ್ ಅಂತ ಶಬ್ದವಾಯಿತು. ಬಾಗಿಲಾಚೆ ನಿಂತ ಜನ ಎಣಿಸುತ್ತಿದ್ದರಂತೆ. ಮಾರನೆಯ ದಿನ ಸಾವಂತ್ರಮ್ಮ ತನ್ನ ಮನೆಯಲ್ಲಿ ತೆಳ್ಳಗೆ ಅಂಬಲಿ ಕಾಯಿಸಿ, ಮಲ್ಲು ಬಟ್ಟೆಯಲ್ಲಿ ಮೂರು ಸಲ ಸೋಸಿ ತಂದಳು. ಊರಿನ ರಾಗಿ ಎಂದು ಅವಳ ಮನೆಯಲ್ಲಿ ಉಳಿದಿದ್ದ ಹಿಟ್ಟು ಅಷ್ಟೇ, ಒಂದು ಹಿಡಿ. ಅದನ್ನು ಕಾರ್ಖಾನೆಯ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಪಾಕಕ್ಕೆ ಬೆರೆಸಿದೆವು. ಅವಳ ಹೊಸ್ತಿಲ ಮೇಲೆ ಹೊಸ ತಟ್ಟೆಗಳನ್ನು ಇಟ್ಟು, ಸುತ್ತ ಒದ್ದೆ ಬಟ್ಟೆಯ ಗೂಡು ಕಟ್ಟಿ, ನಾನು ಒಂದೊಂದೇ ಗಂಟನ್ನು ಚಿಮಟದಲ್ಲಿ ಎತ್ತಿ ಆ ಪಾಕದ ಮೇಲೆ ಕೂರಿಸಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂರಿಸಿದೆ. ಸಾವಂತ್ರಮ್ಮ ಪಕ್ಕದಲ್ಲಿ ಕೈಮುಗಿದು ಕೂತಿದ್ದಳು. ಕೊನೆಯ ತಟ್ಟೆ ಮುಚ್ಚಿದ ಮೇಲೆ, ಉಂಡವರು ನಮ್ಮವರು ಅಂದಳು. ಅಂದವಳೇ ಎದ್ದು ಒಳಗೆ ಹೋದಳು. ಬಾಳಿಗೆ ಒಂದೇ ಸಲದ್ದು ಅಷ್ಟರಲ್ಲಿ ಮುಗಿದಿತ್ತು.

ನಾಲ್ಕನೆಯ ಬೆಳಿಗ್ಗೆ ಗಡಿಕಲ್ಲಿನಿಂದ ನಡೆದು ಬಂದವಳೇ ಡಾಕ್ಟರಮ್ಮ ಕೆಲವು ಗಂಟುಗಳನ್ನು ಒಂದು ಬಣ್ಣದ ನೀರಿಗೆ ಹಾಕಿದಳು. ಗುಣದ ಜೊತೆ ಅವಳು ಒಂದು ಗುರುತನ್ನೂ ಕಟ್ಟಿ ಕಳಿಸಿದ್ದಳು, ಒಳಗೆ ಇದ್ದರೆ ನೀಲಿಯಾಗಬೇಕು. ಹಿಂದಿನ ಎರಡು ಸಲವೂ ನೀಲಿ ಬಂದಿರಲಿಲ್ಲ. ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಹತ್ತು ಗಂಟೆಯಾಯಿತು, ಏನೂ ಇಲ್ಲ. ಸಾವಂತ್ರಮ್ಮ ಎದ್ದು ಮನೆಗೆ ಹೋಗಿ ಕಸ ಗುಡಿಸಿ ಬಂದಳು. ಹನ್ನೊಂದಕ್ಕೆ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಅದನ್ನು ನನ್ನ ಕೈಗೆ ಕೊಟ್ಟಳು. ಬೆಣ್ಣೆ ಬಣ್ಣದ ಗಂಟಿನ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆ, ಬಟ್ಟೆಗೆ ಹಾಕುವ ನೀಲಿಯ ಬಣ್ಣ. ಪಕ್ಕದಲ್ಲಿ ಇನ್ನೊಂದು. ನಾನು ಸಾವಂತ್ರಮ್ಮನಿಗೆ ತೋರಿಸಿದೆ. ಅವಳು ನೋಡಿ, ಇಷ್ಟೇನಾ ಅಂದಳು. ಡಾಕ್ಟರಮ್ಮ ಇಷ್ಟೇ ಅಮ್ಮ, ಇಷ್ಟೇ ಸಾಕು ಎಂದು ಅವಳ ಎರಡು ಕೈ ಹಿಡಿದುಕೊಂಡಳು.

ಆಮೇಲಿನ ಕೆಲಸ ನಿಧಾನದ್ದು. ಗುಣ ಸೇರದ ಗಂಟುಗಳನ್ನು ಸಾಯಿಸುವ ಪಾಕದ ಮೇಲೆ ಎಲ್ಲವನ್ನೂ ಕೂರಿಸಬೇಕಿತ್ತು. ವಾರ ವಾರಕ್ಕೆ ಸಾವಿರಾರು ಗಂಟುಗಳು ಬೆಲ್ಲದ ಬಣ್ಣಕ್ಕೆ ತಿರುಗಿ ಸತ್ತವು, ಹನ್ನೊಂದು ಮಾತ್ರ ಬೆಳ್ಳಗೆ ಉಳಿದವು. ಹನ್ನೊಂದರಲ್ಲಿ ಐದು ಚಿಗುರೊಡೆದವು. ಐದರಲ್ಲಿ ಒಂದು ಬಿಳಿ ಎಲೆ ಬಿಟ್ಟು ಒಣಗಿತು. ಉಳಿದ ನಾಲ್ಕು ಸಸಿಗಳನ್ನು ಕುಂಡಕ್ಕೆ ಇಳಿಸಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ದಿನಕ್ಕೊಂದು ತೂತು ಮಾಡುತ್ತ ಗಾಳಿಗೆ ಅಭ್ಯಾಸ ಮಾಡಿಸಿದೆ. ಯಾರಾದರೂ ಹತ್ತಿರ ಬಂದು ಕೆಮ್ಮಿದರೆ ಅಟ್ಟಿಬಿಡುತ್ತಿದ್ದೆ. ಮೊದಲ ತೆನೆಯಲ್ಲಿ ಸಿಕ್ಕಿದ ಕಾಳು ಒಂದು ಬೊಗಸೆ ಆಗಲಿಲ್ಲ. ಮುಂದಿನ ಮಳೆಗಾಲದಲ್ಲಿ ರೋಗ ಬಿದ್ದ ಹೊಲದ ನಟ್ಟನಡುವೆಯೇ ಒಂದು ಪಾತಿ ಬಿತ್ತಿದೆವು. ಸುತ್ತ ಎಲ್ಲ ಬೂದಿಯಾದರೂ ಆ ಪಾತಿ ಹಸಿರಾಗಿ ನಿಂತಿತು. ಅದರ ಮುಂದಿನ ವರ್ಷ ಊರಿಗೆಲ್ಲ ಬೀಜ ಹಂಚಿದೆವು. ಈಗ ಊರಲ್ಲಿ ಮದುವೆಗಳಾಗುತ್ತಿವೆ. ಹೊಸ ಸೊಸೆಯರು ಹೊಸ್ತಿಲಲ್ಲಿ ಕೂತು ಮುದ್ದೆ ಮುರಿಯುವಾಗ ನಾನು ಸ್ವಲ್ಪ ದೂರ ನಿಂತು ನೋಡುತ್ತೇನೆ. ಈ ಊರು ನನ್ನ ತಪ್ಪಿನಿಂದ ಮುಗಿಯಬೇಕಿತ್ತು, ಮುಗಿಯಲಿಲ್ಲ. ಡಾಕ್ಟರಮ್ಮ ಕೆಲಸ ಮುಗಿಸಿ ಹೊರಟಾಗ, ಸುಮಾರು ಮುನ್ನೂರು ಸಲ ಗಡಿಕಲ್ಲಿನ ಹತ್ತಿರ ಎದ್ದಿರಬಹುದು ಎಂದು ಚಹಾದಂಗಡಿಯವನು ಹೇಳಿದ. ಅವಳಿಗೆ ನಾನೇ ಬೀಸಿದ ಹಿಟ್ಟು ಎರಡು ಮಣ ಕಟ್ಟಿಕೊಟ್ಟೆ. ಇಷ್ಟು ಹೊರಲಾರೆ ಅಂದಳು, ಬಸ್ಸಿನವರೆಗೆ ನಾನು ಹೊತ್ತೆ.

ಹೊಸ ರಾಗಿಯ ಮೊದಲ ಸುಗ್ಗಿಯಲ್ಲೇ ತಿಪ್ಪೇಶನ ಮಂಡಿ ಪೂರ್ತಿ ಹೋಯಿತು.

ಒಂದು ನಾಲ್ಕನೆಯ ಬೆಳಿಗ್ಗೆ ಅವನು ಬರಲಿಲ್ಲ. ಗಡಿಕಲ್ಲಿನ ಹತ್ತಿರ ಚಾಪೆಯ ಮೇಲೆ ಕೂತೇ ಇದ್ದಾನೆ, ಏಳಲಾಗುತ್ತಿಲ್ಲ ಎಂದು ಚಹಾದಂಗಡಿಯವನು ಹೇಳಿಕಳಿಸಿದ. ಸಾವಂತ್ರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು. ಅವಳ ಕೈಯಲ್ಲಿ ಅವನನ್ನು ಎತ್ತಲಾಗುವುದಿಲ್ಲ. ನೀನು ಮನೆಯಲ್ಲಿ ನೀರು ಕಾಯಿಸು ಎಂದು ಗದರಿ, ನಾನು ಗಾಡಿ ಕಟ್ಟಿಕೊಂಡು ಹೋದೆ. ಅವನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಹುಲ್ಲಿನ ಮೇಲೆ ಕೂರಿಸಿ ಕರೆದುಕೊಂಡು ಬಂದೆ. ಅಲ್ಲಿಂದ ಈಚೆಗೆ ಎರಡು ವರ್ಷವಾಯಿತು, ನಾಲ್ಕನೆಯ ಬೆಳಿಗ್ಗೆಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ಊರಿನವರು ಬಂದು, ಅವನ ಪಾಲಿನದನ್ನೇ ನಾವೆಲ್ಲ ಉಣ್ಣುತ್ತಿದ್ದೇವೆ, ನಮಗೂ ಸರದಿ ಕೊಡು ಎಂದು ಕೇಳಿದರು. ಯಾರಿಗೂ ಕೊಡಲಿಲ್ಲ. ಒಬ್ಬ ನನಗಿಂತ ಮೊದಲೇ ಗಾಡಿ ಕಟ್ಟಿಕೊಂಡು ಹೋಗಲು ನೋಡಿದ, ಅವನಿಗೆ ಈಗಲೂ ನಾನು ಕಂಡರೆ ಭಯ. ಬೆಳೆದ ಮಕ್ಕಳಲ್ಲಿ ಯಾರಾದರೂ ತಿಪ್ಪೇಶನಿಗೆ ತಮ್ಮದನ್ನು ಹಾಕುತ್ತೇನೆ ಅಂದರೆ ಅವನೇ ಒಪ್ಪುವುದಿಲ್ಲ. ನಿಮ್ಮ ಹೆಂಡಿರಿಗೆ ಇಟ್ಟುಕೊಳ್ಳಿ, ನನಗೆ ಗಾಡಿ ಇದೆ ಅನ್ನುತ್ತಾನೆ.

ಆ ಪಂಕ್ತಿಯ ಮಾತನ್ನು ಅವನ ಹತ್ತಿರ ನಾನು ಎತ್ತಿರಲಿಲ್ಲ. ತಪ್ಪಾಯಿತು ಅನ್ನುವುದು ನನ್ನ ಬಾಯಿಗೆ ಅಭ್ಯಾಸವಿಲ್ಲ. ಮೊನ್ನೆ ಬೆಳಿಗ್ಗೆ ಮಂಜು ಬಹಳ ಇತ್ತು. ಅವನು ಚಾಪೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಎತ್ತಿ ಗಾಡಿಗೆ ಹಾಕಿ, ಕಾಲಿಗೆ ಗೋಣಿಚೀಲ ಸುತ್ತಿದೆ. ಅರ್ಧ ದಾರಿ ಬಂದ ಮೇಲೆ ಅವನೇ ಶುರುಮಾಡಿದ.

‘ಹೊನ್ನೂರಕ್ಕ, ಅವತ್ತು ಪಂಕ್ತೀಲಿ ನೀವಂದದ್ದು ಸುಳ್ಳಲ್ಲ ಬಿಡಿ. ನಾನು ಉಣ್ಣೋಕೇ ಬರ್ತಿದ್ದೆ. ನಮ್ಮಕ್ಕನ ಕೈ ಸಾರಿಗೆ ಎರಡು ಮೈಲಿ ಏನು, ಹತ್ತು ಮೈಲಿ ನಡೀಬಹುದು.’

ನಾನು ಹಿಂದೆ ತಿರುಗಲಿಲ್ಲ. ಬಾಯಿ ಬಿಟ್ಟರೆ ಮಾತಿನ ಬದಲು ಬೇರೇನೋ ಬರುವ ಹಾಗಿತ್ತು. ಅದಕ್ಕೆ ಎತ್ತುಗಳನ್ನು ಬೈದೆ. ಅವುಗಳ ಅಪ್ಪನಿಂದ ಹಿಡಿದು ಅಜ್ಜನವರೆಗೆ, ಅವಕ್ಕೆ ಹುಲ್ಲು ಹಾಕಿದ ಕೈಯಿಂದ ಹಿಡಿದು ಮೂಗುದಾರ ಹಾಕಿದ ಕೈಯವರೆಗೆ ಒಂದನ್ನೂ ಬಿಡದೆ ಬೈದೆ. ತಿಪ್ಪೇಶ ಹಿಂದೆ ಹುಲ್ಲಿನ ಮೇಲೆ ಒರಗಿಕೊಂಡು ಮೆಲ್ಲಗೆ ನಗುತ್ತಿದ್ದ. ಎತ್ತುಗಳು ಕಿವಿ ಸಹ ಅಲ್ಲಾಡಿಸಲಿಲ್ಲ, ಎಷ್ಟು ಬೇಕೋ ಅಷ್ಟೇ ನಿಧಾನಕ್ಕೆ ಊರಿನ ಕಡೆ ನಡೆದವು.